ಕಿವಿ ಹರಿದ ಜಿಂಕೆ

ಆ ವರ್ಷ ಬೆಟ್ಟದ ಮೇಲೆ ಜಿಂಕೆಗಳು ಮಿತಿಮೀರಿದ್ದವು. ಸಾಂಕ್ರಾಮಿಕದಿಂದ ಹೋಟೆಲುಗಳೆಲ್ಲ ಮುಚ್ಚಿದ್ದರಿಂದ ಜಿಂಕೆ ಮಾಂಸ ಕೊಳ್ಳುವವರಿರಲಿಲ್ಲ. ಕೊಳ್ಳುವವರಿಲ್ಲದ ಮೇಲೆ ದೂರದ ಬೇಟೆಗಾರರೂ ಬರಲಿಲ್ಲ. ಬರಬೇಕೆಂದರೂ ಮನೆಯಿಂದ ಐದು ಕಿಲೋಮೀಟರ್ ದಾಟುವಂತಿರಲಿಲ್ಲ. ಬೆಟ್ಟದ ಬುಡದ ರೈತ ನೆಟ್ಟಿದ್ದ ಹೊಸ ಸಸಿಗಳ ತುದಿಗಳನ್ನೆಲ್ಲ ಅವು ತಿಂದು ಮುಗಿಸಿದ್ದವು. ಅವನ ಜಮೀನಿನಲ್ಲಿ ಹೊಡೆಯಲು ಲೈಸೆನ್ಸ್ ಇದ್ದು, ಆ ಐದು ಕಿಲೋಮೀಟರಿನೊಳಗೆ ವಾಸವಿದ್ದವರು ನಾವಿಬ್ಬರೇ. ಒಬ್ಬಳು ನಾನು, ಐರ್ಲೆಂಡಿನ ಟಾಲಾ ಊರಿನ ಕೊನೆಯ ಬಡಾವಣೆಯವಳು. ಇನ್ನೊಬ್ಬರು ಎಪ್ಪತ್ತು ದಾಟಿದ, ಅರಣ್ಯ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಮುದುಕರು. ವಯಸ್ಸಾದವರು ಮನೆಯಿಂದ ಹೊರಗೆ ಬರಬಾರದೆಂದು ಸರ್ಕಾರ ಹೇಳಿದ್ದರಿಂದ ಅವರು ತಮ್ಮ ಅಡುಗೆಮನೆಯ ಕಿಟಕಿಯ ಮುಂದೆ ಕೂತುಬಿಟ್ಟಿದ್ದರು.

ನಾನು ಹುಬ್ಬಳ್ಳಿಯಲ್ಲಿ ಮೆಡಿಕಲ್ ಓದುವಾಗ ಎನ್‌ಸಿಸಿಯಲ್ಲಿ ರೈಫಲ್ ಹಿಡಿಯಲು ಕಲಿತವಳು. ಐರ್ಲೆಂಡಿಗೆ ಬಂದು, ಆಸ್ಪತ್ರೆಯ ಕೆಲಸಕ್ಕೆ ಹೊಂದಿಕೊಂಡ ಮೇಲೆ, ಒಂದು ಶೂಟಿಂಗ್ ರೇಂಜಿಗೆ ಹೋಗಲು ಶುರುಮಾಡಿದೆ. ಅಲ್ಲಿ ಈ ಮುದುಕರ ಪರಿಚಯವಾಯಿತು. ನನ್ನ ಗುರಿ ನೋಡಿ ಅವರು ಮೆಚ್ಚಲೂ ಇಲ್ಲ, ಬೈಯಲೂ ಇಲ್ಲ. "ಕಾಗದಕ್ಕೆ ಯಾರು ಬೇಕಾದ್ರೂ ಹೊಡೀತಾರೆ. ಬೆಟ್ಟಕ್ಕೆ ಬಾ, ನೋಡೋಣ" ಎಂದರು. ನಾವು ಆಡುತ್ತಿದ್ದದ್ದು ಇಂಗ್ಲಿಷೇ. ಆದರೆ ಈಗ ನೆನೆಸಿಕೊಂಡರೆ ಅವರ ಮಾತು ನನಗೆ ಕನ್ನಡದಲ್ಲೇ ಕೇಳಿಸುತ್ತದೆ.

ಮೊದಲ ಚಳಿಗಾಲವಿಡೀ ಅವರು ನನಗೆ ಗುಂಡು ಹಾರಿಸಲು ಬಿಡಲಿಲ್ಲ. ಒದ್ದೆ ಹುಲ್ಲಿನಲ್ಲಿ ಹೊಟ್ಟೆಯ ಮೇಲೆ ಮಲಗಿಸಿ, ದುರ್ಬೀನು ಕೊಟ್ಟು, ಹಿಂಡಿನಲ್ಲಿ ಯಾವುದನ್ನು ಹೊಡೆಯುತ್ತೀಯ ಎಂದು ಕೇಳುತ್ತಿದ್ದರು. ನಾನು ಕಣ್ಣಿಗೆ ಎದ್ದು ಕಾಣುವ ದೊಡ್ಡದನ್ನು ತೋರಿಸುತ್ತಿದ್ದೆ. ಅವರು ಅಲ್ಲವೆಂದು ತಲೆಯಾಡಿಸುತ್ತಿದ್ದರು. ಸಂಖ್ಯೆ ಇಳಿಸಬೇಕಾದರೆ ಹೆಣ್ಣುಗಳನ್ನು ತೆಗೆಯಬೇಕು, ಗಂಡುಗಳನ್ನಲ್ಲ. ಹೆಣ್ಣುಗಳಲ್ಲಿ ಸೊರಗಿದ್ದನ್ನು, ಕುಂಟುವುದನ್ನು, ಹಲ್ಲು ಸವೆದದ್ದನ್ನು. ಜೊತೆಯಲ್ಲಿ ಮರಿ ಇದ್ದರೆ ಮೊದಲು ಮರಿ, ಆಮೇಲೆ ತಾಯಿ. ಮರಿಯನ್ನು ಯಾಕೆ ಎಂದು ನಾನು ಕೇಳಿದ್ದೆ.

"ತಾಯಿ ಮೊದಲು ಸತ್ರೆ ಮರಿ ಓಡಿಹೋಗುತ್ತೆ. ಹಿಂಡು ಅದನ್ನ ಹತ್ರ ಸೇರಿಸಲ್ಲ. ಫೆಬ್ರವರಿಯೊಳಗೆ ಯಾವುದೋ ಚರಂಡೀಲಿ ಸತ್ತು ಬಿದ್ದಿರುತ್ತೆ" ಎಂದಿದ್ದರು. "ಅದಕ್ಕಿಂತ ಇದು ವಾಸಿ."

ನನ್ನ ಗಂಡನಿಗೆ ಈ ಹವ್ಯಾಸ ಎಂದೂ ಹಿಡಿಸಲಿಲ್ಲ. ಅವನು ಲೀಕ್ಸ್‌ಲಿಪ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಯಲ್ಲಿ ಎಂಜಿನಿಯರ್. ಹುಟ್ಟಿನಿಂದ ಮಾಂಸ ಮುಟ್ಟದವನು. ಜಿಂಕೆ ಮಾಂಸಕ್ಕೆಂದು ಹಿತ್ತಲಿನ ಶೆಡ್ಡಿನಲ್ಲಿ ಬೇರೆ ಫ್ರೀಜರ್ ಇಟ್ಟುಕೊಂಡಿದ್ದೆ. ಸಾಂಕ್ರಾಮಿಕ ಶುರುವಾದ ಮೇಲೆ ಅವನ ಅಸಮಾಧಾನ ಹೆಚ್ಚಾಯಿತು. ನವೆಂಬರ್‌ನಲ್ಲಿ ಹೆಣ್ಣು ಜಿಂಕೆಗಳ ಬೇಟೆಯ ಸೀಸನ್ ತೆರೆದ ಮೊದಲ ಶನಿವಾರ ನಾನು ಬೂಟು ಹಾಕಿಕೊಳ್ಳುತ್ತಿದ್ದಾಗ ಬಾಗಿಲ ಹತ್ತಿರ ನಿಂತು ಕೇಳಿದ.

"ಇವತ್ತೂ ಹೋಗ್ತೀಯಾ? ವಾರ ಪೂರ್ತಿ ವಾರ್ಡಲ್ಲಿ ಸಾವು ನೋಡಿದ್ದು ಸಾಲ್ದಾ?"

"ರೈತಂಗೆ ಮಾತು ಕೊಟ್ಟಿದೀನಿ."

"ಮಾತು ಕೊಟ್ಟಿದೀಯ, ಸರಿ. ನಿಂಗೆ ಹೋಗ್ಬೇಕು ಅನ್ಸುತ್ತಾ?"

ವಾರ್ಡಿನಲ್ಲಿ ನಾನು ಏನು ಮಾಡಿದರೂ ಮುಂದೇನಾಗುತ್ತದೆ ಎಂದು ಗೊತ್ತಾಗುತ್ತಿರಲಿಲ್ಲ. ಬೆಟ್ಟದಲ್ಲಿ ಗೊತ್ತಾಗುತ್ತಿತ್ತು. ಅಷ್ಟೇ ಇದ್ದಿರಬೇಕು. "ಬೇಗ ಬರ್ತೀನಿ" ಎಂದು ಹೊರಟೆ.

ಮುದುಕರು ಹೊರಗೆ ಬರುವಂತಿಲ್ಲವಾದ್ದರಿಂದ ನಾವು ಒಂದು ಉಪಾಯ ಮಾಡಿಕೊಂಡಿದ್ದೆವು. ಅವರ ಕಿಟಕಿಯಿಂದ ಎದುರಿನ ಇಳಿಜಾರು ಪೂರ್ತಿ ಕಾಣುತ್ತಿತ್ತು. ಅವರು ಸ್ಟ್ಯಾಂಡಿನ ಮೇಲೆ ದೂರದರ್ಶಕ ಇಟ್ಟುಕೊಂಡು ನೋಡುವುದು, ನಾನು ಕಿವಿಗೆ ಫೋನಿನ ತಂತಿ ಸಿಕ್ಕಿಸಿಕೊಂಡು ಕೆಳಗಿನ ಜರಿಗಿಡಗಳ ಮಧ್ಯೆ ಮಲಗುವುದು. ಆ ವರ್ಷ ತೆಗೆಯಬೇಕಾದ ಮೊದಲ ಜಿಂಕೆಯನ್ನು ಅವರು ಬೇಸಿಗೆಯಲ್ಲೇ ಆರಿಸಿಟ್ಟಿದ್ದರು. ಎಡಗಿವಿ ಬೇಲಿ ತಂತಿಗೆ ಸಿಕ್ಕಿ ಹರಿದಿದ್ದ ಒಂದು ಮುದಿ ಹೆಣ್ಣು. ಬಹಳ ವರ್ಷ ಹಿಂಡನ್ನು ಮುನ್ನಡೆಸಿದ್ದು. ಈ ಸಲ ಅದು ಮರಿ ಹಾಕಿರಲಿಲ್ಲ.

"ಹಲ್ಲು ಮುಗಿದಿದೆ ಅದಕ್ಕೆ. ಈ ಚಳಿಗಾಲ ದಾಟಲ್ಲ" ಎಂದು ಹೇಳಿದ್ದರು. ಅದನ್ನು ಅವರು ಇಷ್ಟಪಡುತ್ತಿದ್ದರೆಂದು ನನಗೆ ಗೊತ್ತಿತ್ತು. ತಾವೇ ಹೊಡೆಯಬೇಕೆಂದುಕೊಂಡಿದ್ದರು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಹಿಂಡು ಕಾಡಿನಿಂದ ಹೊರಬಂತು. ನಾನು ಒಂದೊಂದನ್ನೇ ದುರ್ಬೀನಿನಲ್ಲಿ ನೋಡುತ್ತ ಹೋದೆ. ಹೆಚ್ಚಿನವು ತಲೆ ತಗ್ಗಿಸಿ ಮೇಯುತ್ತಿದ್ದವು, ಕಿವಿಗಳು ಜರಿಗಿಡದಲ್ಲಿ ಮುಳುಗಿದ್ದವು.

"ಕಾಣಿಸ್ತಾ?" ಕಿವಿಯಲ್ಲಿ ಅವರ ದನಿ.

"ಕಿವಿ ಕಾಣಿಸ್ತಿಲ್ಲ."

"ಎಡಗಡೆಯಿಂದ ಮೂರನೇದು. ಬಂಡೆ ಪಕ್ಕ ಒಂದೇ ನಿಂತಿದೆ ನೋಡು. ಅದೇ."

"ನಿಮಗೆ ಕಿವಿ ಕಾಣ್ತಿದೆಯಾ?"

"ಅದೇ ಅಂದ್ನಲ್ಲ."

ಬಂಡೆಯ ಪಕ್ಕದ ಜಿಂಕೆ ಸಣ್ಣಗೇ ಇತ್ತು. ಹತ್ತಿರ ಮರಿ ಇರಲಿಲ್ಲ. ಹಿಂದೆ ಗುಡ್ಡದ ಮಣ್ಣಿತ್ತು, ಗುಂಡು ದಾಟಿ ಹೋಗುವ ಭಯವಿರಲಿಲ್ಲ. ನಾನು ಉಸಿರು ಬಿಟ್ಟು ಹೊಡೆದೆ. ಅದು ಎರಡು ಹೆಜ್ಜೆ ಹಾಕಿ ಕುಸಿಯಿತು. ಉಳಿದವು ಮೇಲಕ್ಕೆ ಓಡಿದವು.

"ಬಿತ್ತಾ?"

"ಬಿತ್ತು."

"ಗ್ರ್ಯಾಂಡ್" ಎಂದರು ಮುದುಕರು, ಇಲ್ಲಿಯವರು ಸರಿಯಾಯಿತು ಎನ್ನುವ ಹಾಗೆ. ಫೋನ್ ಇಟ್ಟರು.

ಹತ್ತಿರ ಹೋದಾಗ ಮೊದಲು ನೋಡಿದ್ದು ಕಿವಿಗಳನ್ನು. ಎರಡೂ ಸರಿಯಾಗಿದ್ದವು. ಆಮೇಲೆ ಹೊಟ್ಟೆಯ ಕಡೆ ಕೈ ಹಾಕಿದೆ. ಕೆಚ್ಚಲು ಬೆಚ್ಚಗಿತ್ತು, ಒತ್ತಿದರೆ ಹಾಲು ಬಂತು. ನಾನು ತಲೆ ಎತ್ತಿದೆ. ಬಂಡೆಯ ಹಿಂದಿನ ಜರಿಗಿಡದಿಂದ ಮರಿ ಎದ್ದು ನಿಂತಿತ್ತು. ಗುಂಡಿನ ಸದ್ದಿಗೂ ಅದು ಮಲಗಿದ ಜಾಗ ಬಿಟ್ಟಿರಲಿಲ್ಲ. ಈಗ ನನ್ನನ್ನು ನೋಡಿ ಇಳಿಜಾರು ಹತ್ತಿ, ಗುಡ್ಡದ ಅಂಚಿನಲ್ಲಿ ಆಕಾಶಕ್ಕೆ ಎದುರಾಗಿ ನಿಂತು ಕೂಗಿತು. ನಾನು ರೈಫಲ್ ಎತ್ತಿದೆ, ಇಳಿಸಿದೆ. ಅದರ ಹಿಂದೆ ಬರೀ ಆಕಾಶ. ಗುಂಡು ತಪ್ಪಿದರೆ ಅದು ಎಲ್ಲಿಗೆ ಹೋಗಿ ಮುಟ್ಟುವುದೋ ಗೊತ್ತಿಲ್ಲ. ಕತ್ತಲಾಗುವವರೆಗೂ ಕಾದೆ. ಮರಿ ಕೆಳಗಿಳಿಯಲಿಲ್ಲ, ಹೋಗಲೂ ಇಲ್ಲ. ಕೂಗುತ್ತಲೇ ಇತ್ತು.

ಮರುದಿನ ಬೆಳಗ್ಗೆ ಮತ್ತೆ ಹೋದೆ. ಹಿಂದಿನ ಸಂಜೆ ನಾನು ತಾಯಿಯ ಕರುಳು ತೆಗೆದಿದ್ದ ಜಾಗದಲ್ಲೇ, ಕಾಗೆಗಳ ನಡುವೆ, ಅದು ನಿಂತಿತ್ತು. ಈ ಸಲ ಹಿಂದೆ ಮಣ್ಣಿತ್ತು. ನಾನು ಹೊಡೆದೆ. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಇಷ್ಟವಿಲ್ಲ.

ಮುದುಕರಿಗೆ ಹೇಳುವುದೋ ಬಿಡುವುದೋ ಎಂದು ಇಳಿಜಾರು ಇಳಿಯುವಷ್ಟು ಹೊತ್ತೂ ಯೋಚಿಸಿದೆ. ಅವರು ಕಿವಿ ಹರಿದ ಹೆಣ್ಣೇ ಸತ್ತಿತೆಂದು ನಂಬಿ ರಾತ್ರಿ ಕಳೆದಿದ್ದರು, ಹಾಗೆಯೇ ಬಿಡಬಹುದಿತ್ತು. ಆದರೆ ಹೊಡೆದ ಪ್ರತಿ ಜಿಂಕೆಯ ಕೆಳದವಡೆ ಬೇಯಿಸಿ, ಹಲ್ಲು ನೋಡಿ ವಯಸ್ಸು ಹೇಳುವುದು ಅವರ ಪದ್ಧತಿ. ಅವರು ಕೇಳೇ ಕೇಳುತ್ತಿದ್ದರು. ಭಾನುವಾರ ಮಧ್ಯಾಹ್ನ ದವಡೆಯನ್ನು ಚೀಲದಲ್ಲಿ ಹಾಕಿ ಅವರ ಕಾಂಪೌಂಡಿನ ಗೋಡೆಯ ಮೇಲಿಟ್ಟು, ಮಾಸ್ಕ್ ಹಾಕಿಕೊಂಡು ದೂರ ಸರಿದು ನಿಂತೆ.

ಅವರು ಬಾಗಿಲು ತೆರೆದು ಗೋಡೆ ಹಿಡಿದುಕೊಂಡು ಬಂದರು. ಚೀಲವನ್ನು ಕೈಯಿಂದ ತಡಕಿದ್ದನ್ನು ಆಗಲೇ ನೋಡಿದೆ. ದವಡೆಯನ್ನು ಹೊರಗೆ ತೆಗೆದು ಕಣ್ಣಿನ ಹತ್ತಿರ ಒಯ್ಯಲಿಲ್ಲ. ಹೆಬ್ಬೆರಳನ್ನು ಹಲ್ಲುಗಳ ಮೇಲೆ ನಿಧಾನವಾಗಿ ಎಳೆದರು. ಇನ್ನೊಮ್ಮೆ ಎಳೆದರು.

"ಇದು ಅವಳಲ್ಲ."

"ಅಲ್ಲ" ಎಂದೆ.

"ಚೂಪಾಗಿದೆ. ನಾಲ್ಕೋ ಐದೋ ವರ್ಷದ್ದು." ನನ್ನ ದನಿಯ ಕಡೆಗೆ ಮುಖ ತಿರುಗಿಸಿದರು. "ಮರಿ ಇತ್ತಾ?"

"ಇತ್ತು. ಇವತ್ತು ಬೆಳಗ್ಗೆ ಮುಗಿಸ್ದೆ."

ಅವರು ದವಡೆಯನ್ನು ಚೀಲಕ್ಕೆ ಹಾಕಿದರು.

"ನಿಮ್ಮ ಕಣ್ಣಿಗೆ ಏನಾಗಿದೆ?" ಎಂದೆ.

"ಮಂಜು ಕವಿದ ಹಾಗಿದೆ. ಎಡಗಣ್ಣು ಬೇಸಿಗೆಗೇ ಹೋಯ್ತು. ಬಲಗಣ್ಣಲ್ಲಿ ಈಗ ಆಕಾರ ಮಾತ್ರ ಕಾಣುತ್ತೆ. ಮಾರ್ಚ್‌ನಲ್ಲಿ ಆಪರೇಷನ್ ಇತ್ತು, ಎಲ್ಲರದ್ದೂ ಮುಂದಕ್ಕೆ ಹಾಕಿದ್ರಲ್ಲ, ನಂದೂ ಹೋಯ್ತು."

"ಮತ್ತೆ ಮೂರನೇದು ಅಂದ್ರಲ್ಲ?"

"ಅವಳು ಯಾವಾಗ್ಲೂ ಆ ಬಂಡೆ ಹತ್ರಾನೇ ನಿಲ್ತಿದ್ದದ್ದು."

"ನನಗ್ಯಾಕೆ ಹೇಳಲಿಲ್ಲ ನೀವು? ನಾನು ಡಾಕ್ಟ್ರು."

"ನಿಂಗೆ ಆಸ್ಪತ್ರೇಲಿ ಸಾಕಷ್ಟು ಜನ ಇದ್ದಾರೆ" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. "ಇನ್ಮೇಲೆ ನನ್ನ ಕೇಳ್ಬೇಡ. ನೀನೇ ನೋಡು, ನೀನೇ ನಿರ್ಧಾರ ಮಾಡು." ಗೋಡೆ ಹಿಡಿದುಕೊಂಡೇ ಒಳಗೆ ಹೋದರು.

ನಾನು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಅವರ ಕಣ್ಣಿನ ಆಪರೇಷನ್ ಬೇಗ ಮಾಡಿಸಲು ನೋಡಿದೆ. ವಸಂತಕ್ಕೆ ನೋಡೋಣ ಎಂದರು ಎಲ್ಲರೂ. ಡಿಸೆಂಬರಿನಲ್ಲಿ ಎರಡು ಸಲ ಬೆಟ್ಟಕ್ಕೆ ಹೋದೆ. ಒಂದು ಸಲ ಮಂಜು. ಇನ್ನೊಂದು ಸಲ ಕಿವಿ ಹರಿದ ಹೆಣ್ಣು ಕಾಣಿಸಿತು, ತುಂಬ ದೂರದಲ್ಲಿ. ಬೇರೆ ಯಾವುದನ್ನೂ ಹೊಡೆಯದೆ ವಾಪಸು ಬಂದೆ. ಗುಂಡಿಗೆ ಸಿಗುವ ಹಾಗೆ ಬೇರೊಂದು ಹೆಣ್ಣು ನಿಂತಿತ್ತು. ಅದಕ್ಕೆ ಮರಿ ಇದೆಯೋ ಇಲ್ಲವೋ ಎಂದು ನೋಡುತ್ತ, ಇಲ್ಲವೆಂದು ಗೊತ್ತಾದ ಮೇಲೂ ಮತ್ತೆ ನೋಡುತ್ತ ಹೊತ್ತು ಕಳೆದಿದ್ದೆ.

ಕ್ರಿಸ್‌ಮಸ್ ಕಳೆದು ಸೋಂಕು ಎಲ್ಲೆಡೆ ಹಬ್ಬಿತು. ಜನವರಿಯಲ್ಲಿ ನನಗೆ ಬೆಟ್ಟದ ನೆನಪೂ ಬರಲಿಲ್ಲ. ಮನೆಗೆ ಬಂದು ಸ್ನಾನ ಮಾಡಿ, ನಮ್ಮ ಪುಟ್ಟ ಮಗಳನ್ನು ಬಾಗಿಲಿನಿಂದಲೇ ನೋಡಿ, ಬೇರೆ ಕೋಣೆಯಲ್ಲಿ ಮಲಗುತ್ತಿದ್ದೆ. ತಿಂಗಳ ಕೊನೆಗೆ ಒಂದು ಬೆಳಗ್ಗೆ ಪಕ್ಕದ ವಾರ್ಡಿನ ನರ್ಸ್ ಬಂದು, ಒಬ್ಬ ಪೇಷಂಟ್ ನನ್ನನ್ನು ಕೇಳುತ್ತಿದ್ದಾರೆ ಎಂದಳು. "ಬಂದೂಕಿನ ಡಾಕ್ಟ್ರು ಇದಾರಾ ಅಂತಾರೆ. ನಿಮ್ಮನ್ನೇ ಇರ್ಬೇಕು."

ಮುದುಕರು ಆಕ್ಸಿಜನ್ ಮಾಸ್ಕಿನೊಳಗೆ ತುಂಬ ಚಿಕ್ಕವರಾಗಿದ್ದರು. ನಾನು ಗೌನು, ಮಾಸ್ಕು, ಕನ್ನಡಕಗಳ ಒಳಗಿದ್ದೆ. ಒಳ್ಳೆಯ ಕಣ್ಣಿದ್ದರೂ ನನ್ನನ್ನು ಗುರುತಿಸಲು ಆಗುತ್ತಿರಲಿಲ್ಲ. ನಾನು ಮಾತಾಡಿದ ಮೇಲೆ ಕೈ ಚಾಚಿದರು.

"ಅವಳನ್ನ ತೆಗೆದ್ಯಾ?"

"ಇಲ್ಲ. ಹತ್ರ ಸಿಗಲಿಲ್ಲ."

"ಇನ್ನೂ ಬದುಕಿದಾಳೆ ಹಾಗಾದ್ರೆ." ಉಸಿರು ಹಿಡಿದು, ಬಿಟ್ಟು, ಮತ್ತೆ ಹೇಳಿದರು. "ಇಷ್ಟು ದಿನ ಬಿಡಬಾರದಿತ್ತು."

ಅದು ನನಗೆ ಹೇಳಿದ್ದೋ ತಮಗೇ ಹೇಳಿಕೊಂಡದ್ದೋ ಕೇಳಲಿಲ್ಲ. ಗ್ಲೌಸು ಹಾಕಿದ ಕೈಯಲ್ಲಿ ಅವರ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತೆ. ನನ್ನ ಪೇಜರ್ ಬಡಿದುಕೊಂಡಿತು. ಹೋದೆ. ಫೆಬ್ರವರಿಯ ಮೊದಲ ವಾರ ಅವರು ತೀರಿಕೊಂಡರು. ಬ್ಯಾಲಿನ್‌ಕೊಲಿಗ್‌ನಲ್ಲಿದ್ದ ಅವರ ಮಗಳು ಅಷ್ಟು ದೂರದಿಂದ ಇಲ್ಲಿಯವರೆಗೆ ಬಂದರೂ ಒಳಗೆ ಬಿಟ್ಟಿದ್ದು ಕೊನೆಯ ಗಳಿಗೆಯಲ್ಲಿ. ಅಂತ್ಯಕ್ರಿಯೆಗೆ ಹತ್ತೇ ಜನರಿಗೆ ಅವಕಾಶ. ಅವರ ನೆರೆಯವರೆಲ್ಲ ರಸ್ತೆ ಬದಿಯಲ್ಲಿ ದೂರ ದೂರ ನಿಂತಿದ್ದರು, ನಾನೂ ನಿಂತಿದ್ದೆ. ಅವರನ್ನು ಹೊತ್ತ ಕಾರು ಹಾದುಹೋಯಿತು.

ಸೀಸನ್ನಿನ ಕೊನೆಯ ಶನಿವಾರ ನನಗೆ ರಜೆ ಸಿಕ್ಕಿತು. ನಾನು ನಿದ್ದೆಗೆಟ್ಟಿದ್ದೆನೆಂದು ಗಂಡ ತಾನೇ ಕಾರು ಓಡಿಸಿಕೊಂಡು ಬಂದು ರೈತನ ಗೇಟಿನ ಹತ್ತಿರ ನಿಲ್ಲಿಸಿ, "ನಾನಿಲ್ಲೇ ಇರ್ತೀನಿ" ಎಂದ.

ಹಿಂಡು ಕೆಳಗಿನ ಹುಲ್ಲಿಗೇ ಇಳಿದಿತ್ತು. ಮುಂದೆ ಒಂದು ಗಟ್ಟಿಮುಟ್ಟಾದ ಹೆಣ್ಣು ನಡೆಯುತ್ತಿತ್ತು. ಕಿವಿ ಹರಿದದ್ದು ಎಲ್ಲಕ್ಕಿಂತ ಹಿಂದಿತ್ತು. ಸೊಂಟದ ಮೂಳೆ ಎರಡೂ ಕಡೆ ಎದ್ದು ನಿಂತಿತ್ತು. ಮೇಯಲು ಬಾಗಿ, ಹುಲ್ಲನ್ನು ಅಗಿದು, ಅರ್ಧ ಕೆಳಗೆ ಬೀಳಿಸುತ್ತಿತ್ತು. ಅದು ತಲೆ ಎತ್ತಿ ನನ್ನ ಕಡೆ ತಿರುಗುವವರೆಗೂ, ಕಿವಿಯ ಹರಕು ನನ್ನ ಕಣ್ಣಿಗೇ ಕಾಣುವವರೆಗೂ ಕಾದೆ. ಸುತ್ತ ಯಾವ ಮರಿಯೂ ಇಲ್ಲವೆಂದು ನೋಡಿದೆ. ಆಮೇಲೆ ಹೊಡೆದೆ.

ಬಾಯಿ ಬಿಡಿಸಿದಾಗ ಹಿಂದಿನ ಹಲ್ಲುಗಳು ವಸಡಿನ ಮಟ್ಟಕ್ಕೆ ಸವೆದಿದ್ದವು. ಮಾಂಸವೆನ್ನುವಂಥದ್ದು ಇರಲಿಲ್ಲ. ರೈತ ಹೊಲದ ಮೂಲೆಯಲ್ಲಿ ಹೂಳಲು ಗುಂಡಿ ತೋಡಿಸುತ್ತೇನೆಂದ. ಅಲ್ಲಿಯವರೆಗೆ ಎಳೆದು ತರಬೇಕಿತ್ತು. ನಾನು ಹಗ್ಗ ಕಟ್ಟಿ ಎಳೆಯಲು ನೋಡಿದೆ. ತೋಳಿನಲ್ಲಿ ಬಲವೇ ಇರಲಿಲ್ಲ. ಕೂತುಬಿಟ್ಟೆ.

ಸ್ವಲ್ಪ ಹೊತ್ತಿಗೆ ಗಂಡ ಆಫೀಸಿನ ಶೂ ಹಾಕಿಕೊಂಡೇ ಕೆಸರಿನಲ್ಲಿ ಜಾರುತ್ತ ಹತ್ತಿ ಬಂದ. ಜಿಂಕೆಯನ್ನು ಇಷ್ಟು ಹತ್ತಿರದಿಂದ ಅವನು ನೋಡಿದ್ದು ಅದೇ ಮೊದಲು.

"ಅಷ್ಟು ದಪ್ಪದ್ದು ಮುಂದೆ ಹೋಗ್ತಿತ್ತು. ಇದನ್ಯಾಕೆ ಹೊಡೆದೆ?"

"ಹಲ್ಲಿಲ್ಲ ಇದಕ್ಕೆ. ತಿನ್ನೋಕಾಗ್ತಿರಲಿಲ್ಲ."

ಅವನು ಹಗ್ಗದ ಒಂದು ತುದಿಯನ್ನು ಕೈಗೆ ಸುತ್ತಿಕೊಂಡ. ಇನ್ನೊಂದು ತುದಿ ನಾನು ಹಿಡಿದೆ. ಎಳೆಯಲು ಶುರುಮಾಡಿದ ಮೇಲೆ ಅವನು ಒಮ್ಮೆ ನಿಂತು ಹಿಂದೆ ತಿರುಗಿ ನೋಡಿದ.

"ಎಷ್ಟು ಹಗುರ ಇದೆ" ಎಂದ.

ಮಳೆ ಹನಿಯಲು ಶುರುವಾಗಿತ್ತು. ರೈತ ಗುಂಡಿಯ ಹತ್ತಿರ ಸಲಿಕೆ ಹಿಡಿದು ಕಾಯುತ್ತಿದ್ದ. ನಾವು ಮತ್ತೆ ಎಳೆದೆವು.