ಆಮೆಯ ಜಾಗ

ಮಧ್ಯಾಹ್ನ ಉಂಡು ಒಳಕೋಣೆಯಲ್ಲಿ ಚಾಪೆ ಹಾಸಿ ಬಿದ್ದುಕೊಂಡರೆ ಹೊರಗಿನ ಕೋಣೆಯಿಂದ ಟೊಂಯ್ ಎಂದು ಒಂದು ಶಬ್ದ ಬರುತ್ತದೆ. ಸರಿಯಾದ ಚೆಂಡು ಹಾಗೆ ಕೂಗುವುದಿಲ್ಲ. ಕ್ರಿಕೆಟಿನ ಚೆಂಡು ಟಕ್ ಎನ್ನುತ್ತದೆ, ವಾಲಿಬಾಲು ದಪ್ ಎನ್ನುತ್ತದೆ. ಟೊಂಯ್ ಎನ್ನುವ ಚೆಂಡು ನನ್ನ ಆಯುಷ್ಯದಲ್ಲಿ ಎರಡೇ. ಒಂದು, ಮೊಮ್ಮಗಳು ಧೃತಿ ಟಿ.ವಿ.ಯಲ್ಲಿ ಆಡುವ ಪ್ರಾಣಿಗಳ ಟೆನಿಸ್ ಆಟದ್ದು. ಇನ್ನೊಂದು, ಕುಂಬ್ರದಲ್ಲಿ ಅಪ್ಪನ ಹೋಟೆಲಿನ ಹಿಂದಿನ ಅಂಗಳದಲ್ಲಿ ನಾವು ಮಕ್ಕಳು ಹೊಡೆಯುತ್ತಿದ್ದ ರಬ್ಬರಿನ ಉಂಡೆಯದ್ದು. ಮೊದಲ ಸಲ ಈ ಶಬ್ದ ಕೇಳಿದ ದಿನ ನಾನು ಎದ್ದು ಕೂತೆ. ಟಿ.ವಿ.ಯೊಳಗಿನ ಚೆಂಡಿಗೆ ವಾಸನೆ ಇಲ್ಲ, ಅದು ನನಗೂ ಗೊತ್ತು. ಆದರೂ ಮೂಗಿಗೆ ಬಂತು. ಒಣಗಿದ ರಬ್ಬರ್ ಹಾಲಿನ ಆ ಕೊಳೆತ ನಾತ, ಅದರ ಹಿಂದೆ ಹಸಿ ಅಡಿಕೆ ಹಾಳೆಯ ವಾಸನೆ, ಅದರ ಹಿಂದೆ ಗೋಳಿಬಜೆ ಕರಿಯುವ ಎಣ್ಣೆಯ ಹೊಗೆ. ಜೊತೆಗೆ ಸಿಟ್ಟೂ ಬಂತು. ಇಷ್ಟು ಹಳೆಯ ಸಿಟ್ಟು ಇಷ್ಟು ಹಸಿಯಾಗಿ ಉಳಿದಿರುತ್ತದೆ ಎಂದು ನಾನು ಎಣಿಸಿರಲಿಲ್ಲ.

ಮೊದಲು ಈ ಆಟದ ವಿಷಯ ಹೇಳಿಬಿಡುತ್ತೇನೆ. ಪುತ್ತೂರಿನ ನಮ್ಮ ಮನೆಗೆ ಬಂದವರೆಲ್ಲ ಇದನ್ನು ಮಕ್ಕಳಾಟಿಕೆ ಎಂದು ತಳ್ಳಿಹಾಕುತ್ತಾರೆ. ಒಮ್ಮೆಯೂ ಕೈಯಲ್ಲಿ ಹಿಡಿದು ನೋಡದೆ ಹೇಳುವ ಮಾತು ಅದು. ಟಿ.ವಿ.ಯಲ್ಲಿ ಪ್ರಾಣಿಗಳು ಸಾಲಾಗಿ ನಿಲ್ಲುತ್ತವೆ. ಹಂದಿ, ಕಪ್ಪೆ, ಕರಡಿ, ಕರಿ ಕೋಟು ತೊಟ್ಟ ಹಾಗಿರುವ ಪೆಂಗ್ವಿನ್, ಆಮೆ. ಏನೂ ಓದಬೇಕಾಗಿಲ್ಲ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಕನ್ನಡವನ್ನೇ ಬೆರಳಿಟ್ಟು ಓದುವವಳು. ಹಂದಿಯ ಕುತ್ತಿಗೆ ನೋಡಿದರೆ ಸಾಕು, ಇದು ಜೋರು ಹೊಡೆಯುತ್ತದೆ, ಓಡಲಿಕ್ಕೆ ಕೂಡುವುದಿಲ್ಲ ಎಂದು ತಿಳಿಯುತ್ತದೆ. ಕಪ್ಪೆಯ ಕಾಲು ನೋಡಿದರೆ ಹಾರುವಂಥದ್ದು ಎಂದು ತಿಳಿಯುತ್ತದೆ. ಒತ್ತುವ ಗುಂಡಿ ಎರಡೇ, ಅಡಿಕೆ ಸುಲಿದು ಸುಲಿದು ಸೊಟ್ಟಗಾದ ನನ್ನ ಬೆರಳಿಗೂ ಸಿಗುತ್ತದೆ. ಚೆಂಡಿಗೆ ಬೆಂಕಿ ಹತ್ತುತ್ತದೆ, ಬಲೆ ಬಸುರಿಯ ಹೊಟ್ಟೆಯ ಹಾಗೆ ಉಬ್ಬುತ್ತದೆ, ಕರಡಿ ಬಿದ್ದು ನೀರುದೋಸೆಯ ಹಾಗೆ ಚಪ್ಪಟೆಯಾಗುತ್ತದೆ, ಮತ್ತೆ ಎದ್ದು ಕುಂಡೆ ಕೊಡವಿಕೊಂಡು ನಿಲ್ಲುತ್ತದೆ. ಯಾರಿಗೂ ಪೆಟ್ಟಾಗುವುದಿಲ್ಲ. ಸೋಲುತ್ತಿರುವವರ ಕೈಗೆ ಒಂದು ಮಿಂಚು ಸಿಗುತ್ತದೆ. ಅದನ್ನು ಬಿಟ್ಟರೆ ಗೆಲ್ಲುತ್ತಿರುವವನ ಬ್ಯಾಟು ಬಾಳೆಹಣ್ಣಾಗುತ್ತದೆ. ಹಾಗಾಗಿ ಮುಗಿಯುವವರೆಗೆ ಯಾರೂ ಸೋತ ಲೆಕ್ಕ ಇಲ್ಲ. ಒಲೆಗಿಟ್ಟ ಹಾಲು ಉಕ್ಕುವುದರೊಳಗೆ ಆಟ ಮುಗಿಯುತ್ತದೆ, ಸೋತವರು ನಕ್ಕು ಇನ್ನೊಂದು ಎನ್ನುತ್ತಾರೆ. ಜನ ಸಾಲದಿದ್ದರೆ ಒಂದು ಪ್ರಾಣಿಯನ್ನು ಯಂತ್ರವೇ ಆಡಿಸುತ್ತದೆ. ಯಾರೂ ಆರಿಸದ ಪ್ರಾಣಿಗಳು ಗೆರೆಯ ಹೊರಗೆ ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತವೆ. ನಾನು ಯಾವಾಗಲೂ ಹಂದಿ. "ಅಜ್ಜಿ, ಇವತ್ತಾದ್ರೂ ಬೇರೆ ಎಂತದಾದ್ರೂ ತಗೊಳ್ಳಿ" ಎಂದು ಧೃತಿ ಗೋಗರೆಯುತ್ತಾಳೆ. "ಹಂದಿಗೆ ಎಂತ ಕಡಿಮೆ ಆದದ್ದು?" ಎನ್ನುತ್ತೇನೆ. ಆಮೆಯನ್ನು ಮಾತ್ರ ನಾನೂ ಮುಟ್ಟುವುದಿಲ್ಲ, ಅವಳಿಗೂ ಬಿಡುವುದಿಲ್ಲ. ಯಾಕೆ ಎಂದು ಕೇಳಿದರೆ ಗದರಿಸುತ್ತೇನೆ.

ಆಗ ಕುಂಬ್ರದಲ್ಲಿ ನಮ್ಮ ಮನೆಯೆಂದರೆ ಹೋಟೆಲಿನ ಹಿಂಭಾಗ. ಮುಂದೆ ಮಾರ್ಗ, ಮಾರ್ಗಕ್ಕೆ ತಾಗಿ ಎರಡು ಬೆಂಚಿನ ಹೋಟೆಲು, ಅದರ ಹಿಂದೆ ಎಂದೂ ಆರದ ಒಲೆಯ ಅಡಿಗೆಮನೆ, ಅಲ್ಲಿ ಹಿಟ್ಟು ಕಡೆಯುವ ಕಲ್ಲಿನ ಮುಂದೆ ದೊಡ್ಡಮ್ಮ. ಅಪ್ಪನ ಅತ್ತಿಗೆ ಅವರು. ಬೆಳಗಿನಿಂದ ಕಡೆದು ಕಡೆದು ಅವರ ಬಲಭುಜ ಎಡಭುಜಕ್ಕಿಂತ ದಪ್ಪವಾಗಿತ್ತು. ಅಡಿಗೆಮನೆಯ ಹಿಂದೆ ಸೆಗಣಿ ಸಾರಿಸಿದ ಅಂಗಳ. ಹೋಟೆಲಿನ ಕೈಯೊರಸುವ ಬೈರಾಸುಗಳನ್ನು ಒಣಗಿಸಲು ಅಡ್ಡ ಕಟ್ಟಿದ ಹಗ್ಗವೇ ನಮಗೆ ಬಲೆ. ತೆಂಗಿನ ಮಡಲಿನ ಬುಡ ಕಡಿದರೆ ಬ್ಯಾಟು. ಪಂಜದ ಕಡೆ ರಬ್ಬರ್ ತೋಟದಲ್ಲಿ ಕೆಲಸಕ್ಕಿದ್ದ ಸೋದರಮಾವ ಬರುವಾಗಲೆಲ್ಲ ಮರದ ಗೀರಿನಲ್ಲಿ ಒಣಗಿ ಉಳಿದ ರಬ್ಬರಿನ ನಾರು ತರುತ್ತಿದ್ದರು. ಅದನ್ನು ಎಳೆದೆಳೆದು ಸುತ್ತಿ ಉಂಡೆ ಮಾಡಿ ನೆಲಕ್ಕೆ ಹೊಡೆದರೆ ಹೆಂಚಿನ ಮಾಡು ದಾಟಿ ಹೋಗುತ್ತಿತ್ತು. ಯಾವ ಕಡೆ ಹಾರುವುದೆಂದು ಅದಕ್ಕೇ ಗೊತ್ತಿರಲಿಲ್ಲ. ಒಮ್ಮೆ ಹೋಟೆಲಿನೊಳಗೆ ಹಾರಿ ಗಿರಾಕಿಯ ತಟ್ಟೆಗೆ ಬಿತ್ತು. ಅವರು ಅದನ್ನು ತಿರುಗಿಸಿ ನೋಡಿ, "ಇದೆಂತ ಮಾರಾಯ್ರೆ, ನಾನು ಬನ್ಸ್ ಹೇಳಿರ್ಲಿಲ್ಲ" ಎಂದರು. ಅಪ್ಪ ನಗಲಿಲ್ಲ. ಒಳಗಿದ್ದ ದೊಡ್ಡಮ್ಮ ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರಸಿಕೊಂಡು ಆಮೇಲೆ ಕಣ್ಣುರಿ ಎಂದು ನಮ್ಮನ್ನು ಬೈದರು.

ಆಟಕ್ಕೆ ಮೊದಲು ಎಲ್ಲರೂ ಪ್ರಾಣಿ ಆಗಬೇಕು. ಅಡಿಕೆ ಮರದಿಂದ ಬಿದ್ದ ಹಾಳೆಯನ್ನು ನೀರಲ್ಲಿ ನೆನೆಸಿ ಬಗ್ಗಿಸಿ ದೊಡ್ಡಮ್ಮ ಕಣ್ಣಿನ ತೂತು ಕೊರೆದು ಕೊಡುತ್ತಿದ್ದರು. ನಾವು ಒಲೆಯ ಮಸಿ, ವೀಳ್ಯದ ಸುಣ್ಣ ಹಚ್ಚಿ ಮುಖ ಬರೆಯುತ್ತಿದ್ದೆವು. ಹಾಳೆ ಮುಖಕ್ಕೆ ಕಟ್ಟಿದ ಮೇಲೆ ಮನುಷ್ಯರ ಮಾತು ಆಡಬಾರದು, ಆಡಿದರೆ ಒಂದು ಪಾಯಿಂಟು ಹೋಯಿತು. ಕಪ್ಪೆ ಆದವನು ಹಾರದೆ ಹೊಡೆಯುವ ಹಾಗಿಲ್ಲ. ಹಂದಿ ಆದ ನಾನು ಯಾರನ್ನೂ ಗುದ್ದಬಹುದು, ಕಚ್ಚಲೂಬಹುದು. ಅಣ್ಣ ವಾಸು ಕಾಗೆ. ಕಾಗೆಗೆ ಒಂದು ಸಲ ಚೆಂಡು ಕದ್ದು ಓಡುವ ಹಕ್ಕು ಉಂಟು. ಅವನು ಕದ್ದು ಮಾರ್ಗ ದಾಟಿ ಎದುರಿನ ಅಂಗಡಿಯ ಜಗಲಿ ಹತ್ತಿ ಕಾ ಕಾ ಎನ್ನುತ್ತಿದ್ದ. ಈ ನಿಯಮಗಳನ್ನು ಯಾರು ಮಾಡಿದರೋ ಗೊತ್ತಿಲ್ಲ. ಆಡುತ್ತ ಆಡುತ್ತ ಆದವು. ಓಡಲಾಗದವನಿಗೆ ಗುದ್ದುವ ಹಕ್ಕು, ಗುದ್ದಲಾಗದವನಿಗೆ ಕದಿಯುವ ಹಕ್ಕು. ಟಿ.ವಿ.ಯ ಆಟ ಮಾಡಿದವರು ನಮ್ಮ ಅಂಗಳ ನೋಡಿದ್ದಾರೋ ಎಂದು ನನಗೆ ಒಂದೊಂದು ಸಲ ಅನ್ನಿಸುತ್ತದೆ.

ಕುಸುಮ ಆಮೆ. ಅವಳು ನನ್ನ ತಂಗಿ. ಹಸುಗೂಸಾಗಿದ್ದಾಗ ಜ್ವರ ಬಂದು ಎರಡೂ ಕಾಲು ಸೋತಿದ್ದವು, ನೆಲಕ್ಕೆ ಕೈ ಊರಿ ಹೋಗುತ್ತಿದ್ದಳು. ಪಾಪ ಎನ್ನಬೇಡಿ, ಅವಳಿಗೆ ಅದು ಕೇಳಿದರೆ ಆಗುತ್ತಿರಲಿಲ್ಲ. ಕೈಯಲ್ಲಿ ನಡೆದವಳ ಭುಜ ದೊಡ್ಡಮ್ಮನ ಭುಜಕ್ಕೂ ಕಡಿಮೆ ಇರಲಿಲ್ಲ. ಎಲ್ಲರದ್ದೂ ಮುಖಕ್ಕೆ ಹಾಳೆ, ಅವಳದ್ದು ಬೆನ್ನಿಗೆ. ಅತ್ಯಂತ ಅಗಲದ ಹಾಳೆ ಹುಡುಕಿ ಬೆನ್ನಿಗೆ ಕಟ್ಟಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಕೂರಿಸುತ್ತಿದ್ದೆವು. ಅವಳ ಚಿಪ್ಪಿಗೆ ತಾಗಿದ ಚೆಂಡು ಔಟಲ್ಲ, ಎಲ್ಲಿಗೆ ಹಾರಿದರೂ ಆಟ ನಡೆಯುತ್ತದೆ. ದೊಡ್ಡ ನಿಯಮ ಇನ್ನೊಂದು. ಆಮೆ ಹೊಡೆದರೆ ಎದುರಿನವರೆಲ್ಲ ಕಲ್ಲಾಗಬೇಕು. ಚೆಂಡು ನೆಲಕ್ಕೆ ಬೀಳುವವರೆಗೆ ಮಿಸುಕಬಾರದು. ಅವಳು ಭುಜ ತಿರುಗಿಸಿ ಹೊಡೆದಾಗ ಆ ನಾರುವ ಉಂಡೆ ಬೈರಾಸಿನ ಮೇಲಿಂದ ಮೇಲೆ ಏರುವುದನ್ನು, ನಾವೆಲ್ಲ ಕೈ ಎತ್ತಿದವರು ಎತ್ತಿದ ಹಾಗೇ, ಬಾಯಿ ತೆರೆದವರು ತೆರೆದ ಹಾಗೇ ನಿಂತು ನೋಡಬೇಕು. ಇಡೀ ಅಂಗಳ ಅವಳ ಮಾತು ಕೇಳಿ ನಿಲ್ಲುತ್ತಿತ್ತು. ಆಮೇಲೆ ಟೊಂಯ್. ಆಮೆ ನಮ್ಮ ಕಡೆಗೆ ಬೇಕು ಎಂದು ದಿನಾ ಜಗಳ ಆಗುತ್ತಿತ್ತು.

ಅಣ್ಣ ಹೈಸ್ಕೂಲಿಗೆ ಪುತ್ತೂರಿನಲ್ಲಿ ಸಂಬಂಧಿಕರ ಮನೆಯಲ್ಲಿ ನಿಂತ. ಮೊದಲ ದೊಡ್ಡ ರಜೆಗೆ ಬರುವಾಗ ಅವನ ಕುತ್ತಿಗೆಯಲ್ಲಿ ಒಂದು ಪೀಪಿ, ಕಂಕುಳಲ್ಲಿ ಬಿಳಿಯ ವಾಲಿಬಾಲು. ಬಂದವನೇ ದೊಡ್ಡಮ್ಮನ ಸುಣ್ಣದ ಡಬ್ಬಿ ತೆಗೆದು ಅಂಗಳಕ್ಕೆ ಗೆರೆ ಹಾಕಿದ. "ಇನ್ನು ಸರಿಯಾದ ಆಟ. ಈ ಪ್ರಾಣಿ ಗೀಣಿ ಎಲ್ಲ ಇಲ್ಲ. ಪುತ್ತೂರಲ್ಲಿ ನೋಡಿದ್ರೆ ನಗಾಡ್ತಾರೆ." ಕುಸುಮ ಬೆನ್ನಿಗೆ ಹಾಳೆ ಕಟ್ಟಿಸಿಕೊಂಡು ತಯಾರಾಗಿ ಬಂದಿದ್ದಳು. "ನಾನು ಎಲ್ಲಿ ಕೂರುದು?" ಎಂದು ಕೇಳಿದಳು. ಅಣ್ಣ ಅವಳ ಮುಖ ನೋಡದೆ, "ನೀನು ಗೆರೆ ಹೊರಗೆ ಕೂತು ಪಾಯಿಂಟು ಬರಿ" ಎಂದ. ಅವನು ಕೆಟ್ಟವನಾಗಿ ಹೇಳಿದ್ದಲ್ಲ. ಅದೇ ನನಗೆ ಹೆಚ್ಚು ಸಿಟ್ಟು. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂಬ ಧೈರ್ಯದಲ್ಲಿ ಹೇಳಿದ. ನಾನು ಹೋಗಿ ಅವನ ಬಲಗೈಗೆ ಕಚ್ಚಿದೆ. ರಕ್ತ ಬಂತು. "ಹಂದಿಗೆ ಕಚ್ಚಲಿಕ್ಕೆ ಉಂಟು" ಎಂದೆ. ಅಪ್ಪ ಬಂದು ನನಗೆ ಹೊಡೆದರು, ಅಣ್ಣನ ಕೈಗೆ ಅರಸಿನ ಹಚ್ಚಿದರು, ಹೊಸ ಆಟ ನೋಡಲು ಗಿರಾಕಿಗಳನ್ನೂ ಕರೆದರು. ಮಗ ಪೀಪಿ ಊದುವುದನ್ನು ನೋಡಿ ಅವರ ಎದೆ ಉಬ್ಬಿತ್ತು.

ಕುಸುಮ ಇಡೀ ರಜೆ ಒಗೆಯುವ ಕಲ್ಲಿಗೆ ಮಸಿಯಲ್ಲಿ ಗೀಟು ಹಾಕುತ್ತ ಕೂತಳು. ಮೊದಲ ದಿನ ಸಂಜೆವರೆಗೂ ಚಿಪ್ಪು ಬಿಚ್ಚಲಿಲ್ಲ. ಮಳೆ ಹಿಡಿದ ಮೇಲೆ ಅಮ್ಮ ಆ ಹಾಳೆಗಳನ್ನೆಲ್ಲ ಬಚ್ಚಲ ಒಲೆಗೆ ಹಾಕಿದರು. ಹಂದಿ, ಕಪ್ಪೆ, ಕಾಗೆ, ಎಲ್ಲ ಚಟಪಟ ಉರಿದವು. ಆ ಬೆಂಕಿಯಲ್ಲಿ ಕಾದ ನೀರಲ್ಲಿ ನಾವು ಮಿಂದೆವು. ಕುಸುಮ ಮತ್ತೆ ಆಟದ ಸುದ್ದಿ ಎತ್ತಲಿಲ್ಲ. ಅಡಿಗೆಮನೆಗೆ ಸರಿದು ದೊಡ್ಡಮ್ಮನ ಕಲ್ಲು ಹಿಡಿದಳು. ಆ ಭುಜ ಮತ್ತೆ ತಿರುಗಿದ್ದು ಇಡ್ಲಿಯ ಹಿಟ್ಟು ಕಡೆಯಲಿಕ್ಕೆ ಮಾತ್ರ. ನನ್ನ ಮದುವೆಯಾಗಿ ಸ್ವಲ್ಪ ಸಮಯಕ್ಕೆ ಇನ್ನೊಂದು ಜ್ವರ ಬಂತು, ಅದರಲ್ಲಿ ಹೋದಳು. ಈಗ ಆ ಹೋಟೆಲೂ ಇಲ್ಲ. ಮಾರ್ಗ ಅಗಲ ಮಾಡುವಾಗ ಬೆಂಚು, ಒಲೆ, ಕಡೆಯುವ ಕಲ್ಲು, ಅಂಗಳ ಎಲ್ಲ ಮಾರ್ಗದ ಅಡಿಗೆ ಹೋಯಿತು. ಬಸ್ಸಿನಲ್ಲಿ ಕುಂಬ್ರ ದಾಟುವಾಗ ಒಗೆಯುವ ಕಲ್ಲು ಎಲ್ಲಿತ್ತು ಎಂದು ನೋಡುತ್ತೇನೆ. ಡಾಮರು ಕಾಣುತ್ತದೆ. ನಿಮ್ಮದೂ ಒಂದು ಅಂಗಳ ಎಲ್ಲಾದರೂ ಹೀಗೆ ಮುಚ್ಚಿಹೋಗಿರಬಹುದು. ಮನೆ ಹೋದದ್ದಕ್ಕೆ ನನಗೆ ಅಷ್ಟು ಬೇಸರ ಇಲ್ಲ, ಗೋಡೆ ಮಾಡು ಎಲ್ಲ ಒಂದು ದಿನ ಬೀಳುವುದೇ. ಅವಳಿಗೆ ಆಟದಲ್ಲಿ ಒಂದು ಜಾಗ ಇತ್ತು, ಅದನ್ನು ಮಾರ್ಗದವರಿಗಿಂತ ಮೊದಲೇ ಮನೆಯವರು ಅಳಿಸಿದರು.

ಅಣ್ಣ ಪಿ.ಟಿ. ಮಾಸ್ಟ್ರಾಗಿ ಕಡಬದ ಕಡೆ ನೌಕರಿ ಮುಗಿಸಿ ಅಲ್ಲೇ ಮನೆ ಮಾಡಿದ. ಮೊನ್ನೆ ಅವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ನಾನು ಕಚ್ಚಿದ ಕೈ ಅದೇ, ಅದಕ್ಕೆ ನಾನು ಏನೂ ಹೇಳುವುದಿಲ್ಲ. ಪುತ್ತೂರಿನ ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸಲಿಕ್ಕೆಂದು ನಮ್ಮಲ್ಲಿಗೆ ಬಂದು ನಿಂತ. ಬರುವಾಗ ಧೃತಿಗೆ ಒಂದು ಹೊಸ ಆಟ ತಂದಿದ್ದ. ನಿಜವಾದ ಮನುಷ್ಯರ ಫುಟ್ಬಾಲು. "ಇದು ಆಡು ಮಗಾ. ಆ ಹಂದಿ ಕಪ್ಪೆ ಎಂತ ಆಟ? ಇದರಲ್ಲಿ ಸರಿಯಾದ ರೂಲ್ಸ್ ಉಂಟು." ನಾನು ಹಲ್ಲು ಕಡಿದೆ. ಟಿ.ವಿ.ಗೆ ಹಾಕಿ ನೋಡಿದೆವು. ಬೆವರು ಕಾಣುತ್ತದೆ, ಗಡ್ಡದ ಕೂದಲು ಕಾಣುತ್ತದೆ, ಎಲ್ಲರೂ ಒಂದೇ ಹಾಗೆ ಓಡುತ್ತಾರೆ. ಯಾರು ಯಾರೆಂದು ತಿಳಿಯಲು ಬೆನ್ನಿನ ಹೆಸರು ಓದಬೇಕು. ಗುಂಡಿಗಳೋ, ಹಾರ್ಮೋನಿಯಂಗೂ ಅಷ್ಟಿಲ್ಲ. ಅದರಲ್ಲೂ ಒಬ್ಬ ಪೀಪಿ ಊದುತ್ತಾನೆ. ಧೃತಿ ಅಜ್ಜನ ಮರ್ಯಾದೆಗೆಂದು ಸ್ವಲ್ಪ ಆಡಿ ಗುಂಡಿಗಳ ಡಬ್ಬಿಯನ್ನು ಅವನ ಕೈಗೆ ಕೊಟ್ಟಳು. ಅವನ ಬಲಗೈ ಬೆರಳು ಒಂದು ಗುಂಡಿಗೆ ಹೋಗುವುದರೊಳಗೆ ಎದುರಿನವರು ಗೋಲು ಹೊಡೆದು ಕುಣಿದಾಗಿತ್ತು. ಮತ್ತೆ ಹೊಡೆದರು. ಬದುಕಿಡೀ ಮಕ್ಕಳನ್ನು ಓಡಿಸಿದವನು ಅದನ್ನು ಮಡಿಲಲ್ಲಿಟ್ಟು, "ಇದು ನನಗೆ ಕೂಡುದಿಲ್ಲ" ಎಂದ.

"ಹಾಗಾದ್ರೆ ಗೆರೆ ಹೊರಗೆ ಕೂತು ಪಾಯಿಂಟು ಬರಿ" ಎಂದೆ ನಾನು.

ಅವನು ನನ್ನ ಮುಖ ನೋಡಿದ. ಮರೆತಿರಲಿಲ್ಲ. ಮರೆತಿದ್ದರೆ ಆ ದಿನವೇ ಮನೆಯಿಂದ ಹೊರಡಿಸುತ್ತಿದ್ದೆನೋ ಏನೋ. ಧೃತಿಗೆ ಏನೂ ತಿಳಿಯಲಿಲ್ಲ, ಅವಳು ಪ್ರಾಣಿಗಳ ಆಟ ಹಾಕಿದಳು. ಹಂದಿ ನನಗೆ, ಕಪ್ಪೆ ಅವಳಿಗೆ. ಅಣ್ಣ ಸಾಲಿನ ಕೊನೆಗೆ ಎಡಗೈ ತೋರಿಸಿ, "ಆ ಆಮೆ ಕೊಡು ನನಗೆ. ನಿಧಾನದ್ದು ಸಾಕು" ಎಂದ. "ಅದು ಬೇಡ" ಎಂದೆ. "ಯಾಕೆ?" "ಅದು ಕುಸುಮನದ್ದು. ನೀನು ಕಾಗೆ. ಕಾಗೆ ಇದರಲ್ಲಿ ಇಲ್ಲ, ಆ ಕರಿ ಕೋಟಿನ ಹಕ್ಕಿ ತಗೊ." ಅವನು ಅದನ್ನೇ ತೆಗೆದುಕೊಂಡ. ಆಗ ಧೃತಿ, "ಅಜ್ಜಿ, ನೀವು ಯಾವಾಗ್ಲೂ ಹೀಗೇ. ನಾವು ಯಾರೂ ತಗೊಳ್ಳದಿದ್ರೆ ಆ ಆಮೆ ಹೊರಗೆ ಕೂತು ಚಪ್ಪಾಳೆ ತಟ್ಟುದು ಮಾತ್ರ ಅಲ್ವಾ? ಪಾಪ" ಎಂದಳು.

ಇಷ್ಟು ದಿನ ಕಣ್ಣೆದುರಿಗಿದ್ದದ್ದು ಆಗ ಕಂಡಿತು. ಬೆಂಚಿನಲ್ಲಿ ಗೆರೆಯ ಹೊರಗೆ ಆಮೆ. ಜಾಗ ಕಾಯುತ್ತಿದ್ದೇನೆ ಎಂದು ನಾನು ಅದನ್ನು ಅಲ್ಲಿ ಕೂರಿಸಿದ್ದೆ. "ಪಾಪ ಅನ್ಬೇಡ" ಎಂದೆ. "ಅದನ್ನು ಒಳಗೆ ಹಾಕು. ಯಂತ್ರವೇ ಆಡಿಸಲಿ. ನಿನ್ನ ಜೊತೆ ಹಾಕು."

ಒಂದು ಕಡೆ ಹಂದಿ, ಪೆಂಗ್ವಿನ್. ಇನ್ನೊಂದು ಕಡೆ ಕಪ್ಪೆ, ಆಮೆ. ಎರಡು ಗುಂಡಿಗಳೂ ಅಣ್ಣನ ಎಡಗೈಗೆ ಸಿಕ್ಕಿದವು. ಪೆಂಗ್ವಿನ್ ಹೊಟ್ಟೆಯ ಮೇಲೆ ಜಾರಿ ಬಲೆಗೆ ಸಿಕ್ಕಿಕೊಂಡಾಗ ಅವನ ಬಾಯಿಯ ಒಂದು ಬದಿ ನಕ್ಕಿತು. ಅವನಿಂದ ಎರಡು ಚೆಂಡು ತಪ್ಪಿದವು, "ಎಂತ ಮಾರಾಯ, ನಿದ್ದೆಯಾ?" ಎಂದು ಬೈದೆ. ಸಿಟ್ಟು ಹೋಗಿತ್ತೆಂದು ಹೇಳುವುದಿಲ್ಲ, ಹೋಗಲಿಲ್ಲ, ಈಗಲೂ ಹೋಗಿಲ್ಲ. ಆಮೆ ಯಾರ ಕೈಯೂ ಇಲ್ಲದೆ ತನ್ನಷ್ಟಕ್ಕೆ ನಿಧಾನ ಹೆಜ್ಜೆ ಹಾಕುತ್ತಿತ್ತು. ಚೆಂಡು ಅದರ ಕಡೆಗೆ ಹೋಯಿತು. ಅದು ಕುತ್ತಿಗೆ ಒಳಗೆಳೆದು, ಇಡೀ ಚಿಪ್ಪು ತಿರುಗಿಸಿ ಹೊಡೆಯಿತು. ಚೆಂಡು ಮೇಲೆ ಮೇಲೆ ಏರಿತು.

ಪಕ್ಕದಲ್ಲಿ ಅಣ್ಣ ಗುಂಡಿಯಿಂದ ಬೆರಳು ತೆಗೆದ. ಎಡಗೈ ಗಾಳಿಯಲ್ಲಿ ಹಾಗೇ ನಿಲ್ಲಿಸಿ, ಬಾಯಿ ತೆರೆದದ್ದು ತೆರೆದ ಹಾಗೇ ಕೂತ. ನಾನೂ ಬೆರಳು ತೆಗೆದೆ. "ಅಜ್ಜ, ಆಡಿ! ಅಜ್ಜಿ, ಎಂತ ಮಾಡ್ತಿದ್ದೀರಿ, ಚೆಂಡು ಬರ್ತಾ ಉಂಟು!" ಎಂದು ಧೃತಿ ಕೂಗಿದಳು. ನಾವಿಬ್ಬರು ಮುದುಕರು ಮಿಸುಕಲಿಲ್ಲ. ಹಂದಿ ಒಂದು ಕಡೆ, ಕಾಗೆ ಒಂದು ಕಡೆ, ನಡುವಿನ ಖಾಲಿ ನೆಲಕ್ಕೆ ಅದು ತನ್ನ ಪುರುಸೊತ್ತಿನಲ್ಲಿ ಇಳಿದು ಬಿತ್ತು. ಟೊಂಯ್.