ರಜಿಯಾ ಮೇಡಂ ಕಲಿಸಿದ ಹೌದು–ಅಲ್ಲ

ಕಪ್ಪುಹಲಗೆಯ ಮೇಲೆ ಯಾರಾದರೂ ‘== true’, ಅಂದರೆ ‘ಇದು ನಿಜವೇ’, ಎಂದು ಬರೆದರೆ ರಜಿಯಾ ಮೇಡಂ ಡಸ್ಟರ್ ಹುಡುಕುತ್ತಿರಲಿಲ್ಲ. ಅಂಗೈಯಿಂದಲೇ ಅಷ್ಟನ್ನು ಅಳಿಸಿಬಿಡುತ್ತಿದ್ದರು. “ಈ ಸಂಖ್ಯಾ ಸಮ ಐತೇನು ಅಂತ ಕೇಳಿದ್ರಿ. ಮೆಥಡ್ ಹೌದು ಅಂತು. ಆ ಹೌದು ಖರೇನ ಹೌದೇನು ಅಂತ ಮತ್ತ ಯಾಕ ಕೇಳ್ತೀರಿ? ಹೇಳಿದವ್ರಿಗೆ ಬ್ಯಾಸರ ಆಗಂಗಿಲ್ಲೇನು?”

ಸಿಂದಗಿಯ ಕಾಲೇಜಿನಲ್ಲಿ ಅವರು ನಮಗೆ ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿಸಿದರು. ಅತಿಥಿ ಉಪನ್ಯಾಸಕಿ. ದೇವಣಗಾಂವದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಮನೆಯಲ್ಲಿ ಅವರು ಮತ್ತು ಅವರ ಅಮ್ಮ, ಇಬ್ಬರೇ. ಗಿಡ್ಡ ಆಳು, ದೊಡ್ಡ ದನಿ. ಊಟದ ಡಬ್ಬಿಯಲ್ಲಿ ಸದಾ ಶೇಂಗಾ ಹಿಂಡಿ ಚಟ್ನಿ ಇರುತ್ತಿತ್ತು, ಅದರಲ್ಲಿ ಅರ್ಧ ನಮ್ಮ ಪಾಲು.

ಪ್ರೋಗ್ರಾಂನಲ್ಲಿ ಒಂದು ಕೆಲಸ ವಹಿಸಿಕೊಂಡ ತುಣುಕಿಗೆ ಮೆಥಡ್ ಎನ್ನುತ್ತಾರೆ. ಕೆಲವು ಮೆಥಡ್‌ಗಳು ಕೇಳಿದ್ದಕ್ಕೆ ಹೌದು ಅಥವಾ ಅಲ್ಲ ಎಂದಷ್ಟೇ ಹೇಳುತ್ತವೆ. ಹೌದಾದರೆ ಟ್ರೂ, ಅಲ್ಲವಾದರೆ ಫಾಲ್ಸ್; ಆ ಉತ್ತರದ ಹೆಸರು ಬೂಲಿಯನ್. ನಾನು ಬರೆದ ಮೊದಲ ಪ್ರೋಗ್ರಾಂ ಒಂಬತ್ತನ್ನೂ ಅವಿಭಾಜ್ಯ ಸಂಖ್ಯೆ ಎಂದಿತು, ಹತ್ತನ್ನೂ ಎಂದಿತು. ಮೆಥಡ್ ಸರಿಯಾಗಿಯೇ ಇತ್ತು. ಅದನ್ನು ಕರೆದಿದ್ದೆ, ಆದರೆ ಅದು ಕೊಟ್ಟ ಉತ್ತರವನ್ನು ಎಲ್ಲಿಯೂ ಬಳಸಿರಲಿಲ್ಲ. ಮೇಡಂ ಪರದೆಯತ್ತ ಬಗ್ಗಿದರು.

“ಶೈಲಾ, ನೀ ಕೇಳಿದಿ, ಅದು ಹೇಳ್ತು. ಹೇಳೂ ಹೊತ್ತಿಗೆ ನೀ ಎತ್ತಾಗ ನೋಡಾಕತ್ತಿದ್ದಿ? ಇಫ್‌ನ್ಯಾಗ ಕರಿ ಅದನ್ನ.”

ಹೀಗಿದ್ದರೆ ಮಾತ್ರ ಎಂಬ ಷರತ್ತು ಹಾಕುವ ಇಫ್‌ನೊಳಗೆ ಕರೆದೆ. ಒಂಬತ್ತು ಅವಿಭಾಜ್ಯ ಅಲ್ಲ ಎಂದಿತು. ಮೇಡಂ ಖುಷಿಯಿಂದ ನನ್ನ ಬೆನ್ನಿಗೊಂದು ಗುದ್ದು ಕೊಟ್ಟರು.

ಕೊನೆಯ ವರ್ಷ ಮನೆಯಲ್ಲಿ ನನ್ನ ಮದುವೆಯ ಮಾತು ಎದ್ದು, ಅಪ್ಪ ಕಾಲೇಜು ಬಿಡಿಸಿದರು. ಕೆಲವು ದಿನಗಳಾದ ಮೇಲೆ ಮೇಡಂ ಒಬ್ಬರೇ ನಮ್ಮೂರು ತಾಂಬಾಕ್ಕೆ ಬಂದರು. ಅಪ್ಪ ಚಹಾ ತರಿಸಿ, ತೊಗರಿಯ ಬೆಳೆಯ ಬಗ್ಗೆ ಮಾತು ತೆಗೆದರು. ಮೇಡಂ ಸ್ವಲ್ಪ ಹೊತ್ತು ಕೇಳಿದರು.

“ಅಣ್ಣಾರ, ಹುಡುಗಿ ಪರೀಕ್ಷಾ ಬರೀತಾಳೇನ್ರಿ?”

“ನೋಡೂಣ್ರಿ ಮೇಡಂ.”

“ನೋಡೂಣ ಅಂದ್ರ ನಾ ಏನು ತಿಳ್ಕೋಬೇಕ್ರಿ? ಹೌದು ಅನ್ರಿ, ಇಲ್ಲಾ ಇಲ್ಲ ಅನ್ರಿ. ಇಲ್ಲ ಅಂದ್ರ ಸಿಟ್ಟಿಲ್ಲ, ಎದ್ದು ಹೋಗ್ತೇನಿ.”

ಒಳಗೆ ಬಾಗಿಲ ಮರೆಯಲ್ಲಿ ನಾನು ಅವ್ವನ ಕೈ ಗಟ್ಟಿಯಾಗಿ ಹಿಡಿದಿದ್ದೆ. ಅಪ್ಪ ಬಾಗಿಲ ಕಡೆಗೊಮ್ಮೆ ನೋಡಿದರು. “ಬರೀಲಿ,” ಎಂದರು ಕಡೆಗೆ. “ಲಗ್ನ ಆಮ್ಯಾಲೆ.”

ಆಗ ಮೇಡಂ ಚಹಾ ಮುಟ್ಟಿದರು. ಅದು ಆರಿಹೋಗಿತ್ತು.

ಈಗ ನಾನು ಮುದ್ದೇಬಿಹಾಳದಲ್ಲಿ ಅದೇ ಪಾಠ ಹೇಳುತ್ತೇನೆ. ಮೇಡಂಗೆ ಹೊಟ್ಟೆಯಲ್ಲಿ ಗಡ್ಡೆಯಾಗಿ ವಿಜಯಪುರದಲ್ಲಿ ಆಪರೇಷನ್ ಆಯಿತು. ಆಮೇಲೆ ಮಲಗಿದಲ್ಲಿಂದಲೇ ಫೋನಿನಲ್ಲಿ ಹುಡುಗರ ಪ್ರೋಗ್ರಾಂ ತಿದ್ದುತ್ತಿದ್ದರು. ನಾನು ಅವರ ಮನೆಗೆ ನೋಡಲು ಹೋದಾಗ ಆ ದೊಡ್ಡ ದನಿ ಸಣ್ಣಗಾಗಿತ್ತು.

“ಲಗೂನ ಆರಾಮ ಆಗ್ರಿ ಮೇಡಂ,” ಎಂದೆ.

“ಆಗಂಗಿಲ್ಲ ಅಂದಾರ ಶೈಲಾ. ಸಾಫ್ ಹೇಳ್ರಿ ಅಂತ ಡಾಕ್ಟರಿಗೆ ನಾನ ಕೇಳಿದೆ.” ಅಡುಗೆಮನೆಯ ಕಡೆ ನೋಡಿ ದನಿ ಇನ್ನೂ ತಗ್ಗಿಸಿದರು. “ಅಮ್ಮಗ ಹೇಳಿಲ್ಲ. ಆಕೀನೂ ಕೇಳಿಲ್ಲ. ಕೇಳಿದ್ರ ಹೇಳ್ಬೇಕಾಗ್ತೈತಿ ಅಂತ ದಿನಾ ಅಂಜ್ತೇನಿ.”

ಅಷ್ಟು ನೇರ ಮಾತಿನ ಹೆಂಗಸು ಯಾವುದಕ್ಕಾದರೂ ಅಂಜಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅವರ ಕೈ ಹಿಡಿದುಕೊಂಡು ಬಸ್ಸಿನ ಹೊತ್ತಿನವರೆಗೆ ಕುಳಿತೆ. ಅದೇ ಕೊನೆಯ ಭೇಟಿ.

ಸುದ್ದಿ ತಿಳಿದು ನಾನು ದೇವಣಗಾಂವ ಮುಟ್ಟುವಷ್ಟರಲ್ಲಿ ಮಣ್ಣು ಮುಗಿದಿತ್ತು. ಅವರ ಅಮ್ಮ ಪಡಸಾಲೆಯಲ್ಲಿ ಮಗಳ ಫೋನು ಹಿಡಿದು ಕುಳಿತಿದ್ದರು. ಮುಂಜಾನೆಯಿಂದ ಒಂದು ಹನಿ ಕಣ್ಣೀರು ಹಾಕಿಲ್ಲ ಎಂದು ನೆರೆಯವರು ನನ್ನ ಕಿವಿಯಲ್ಲಿ ಹೇಳಿದರು.

“ಇದು ಒಂದೇ ಸಮ ಸದ್ದು ಮಾಡಾಕತ್ತೈತಿ ಯವ್ವಾ. ಯಾರು, ಏನು ಕೇಳಾಕತ್ತಾರ ನೋಡು. ನನಗ ಓದಾಕ ಬರಂಗಿಲ್ಲ.”

ಸುದ್ದಿ ತಿಳಿಯದ ಹುಡುಗಿಯೊಬ್ಬಳು ತನ್ನ ಪ್ರೋಗ್ರಾಂನ ಫೋಟೊ ಕಳಿಸಿದ್ದಳು. ‘ಮೇಡಂ, ಇದು ಯಾಕ ಓಡವಲ್ದು? ನಾಳೆ ಪ್ರಾಕ್ಟಿಕಲ್ ಐತ್ರಿ.’ ಇಫ್‌ನ ಷರತ್ತು ನಿಜವಾದರೆ ಟ್ರೂ ಕೊಡಬೇಕೆಂದು ಬರೆದಿದ್ದಳು. ನಿಜವಾಗದಿದ್ದರೆ ಏನು ಕೊಡಬೇಕೆಂದು ಬರೆದಿರಲಿಲ್ಲ.

“ಏನಂತ?” ಎಂದರು ಅಮ್ಮ.

“ಪಾಠದಾಗ ಒಂದು ತಪ್ಪಾಗೈತ್ರಿ. ಮೇಡಮ್ಮರಿಗೆ ಕೇಳ್ಯಾಳ.”

“ನಿನಗ ಬರ್ತೈತಿಲ್ಲ? ಹೇಳು ಮತ್ತ. ಹುಡುಗಿ ಕಾಯಾಕತ್ತಿರ್ತಾಳ.”

ಮೆಥಡ್‌ನ ಕೊನೆಗೆ ಫಾಲ್ಸ್ ಕೊಡುವ ಒಂದು ಸಾಲು ಸೇರಿಸು ಎಂದು ಬರೆದು ಕಳಿಸಿದೆ. ತುಸು ಹೊತ್ತಿನಲ್ಲೇ ಮರುಮಾತು ಬಂತು: ‘ಓಡ್ತ್ರಿ ಮೇಡಂ! ನೀವು ಈಗ ಆರಾಮ ಅದೀರಿಲ್ರಿ?’

ಅದನ್ನು ನಾಳೆಯ ಪರೀಕ್ಷೆ ಮುಗಿದ ಮೇಲೆ ಹೇಳೋಣ ಎಂದುಕೊಂಡು ಫೋನನ್ನು ಅಮ್ಮನ ಕೈಗೆ ಮರಳಿಸಿದೆ.

“ಆತಂತೇನು?”

“ಆತಂತ್ರಿ ಅಮ್ಮಾ.”

“ಚಲೋ ಆತು ಬಿಡು,” ಎಂದ ಅಮ್ಮ, ನನ್ನ ಹೆಗಲಿಗೆ ತಲೆಯಿಟ್ಟು ಅಳತೊಡಗಿದರು.