ವಾಹೀದ ಸಾಹೇಬರು ಓದಿದ ಇಸವಿ

ಬೀದರಿನ ಹಳೆಯ ಓಣಿಯಲ್ಲಿ ಬೆಳಗಿನ ಆರೂವರೆ. ಮಾಳಿಗೆಯ ಮೇಲೆ ಚಾಪೆ ಹಾಸಿ ಕೂತ ಅಬ್ದುಲ ವಾಹೀದ, ಭಾಲ್ಕಿಯ ವಕೀಲರೊಬ್ಬರು ಕಳಿಸಿದ ಹರಕು ಕಾಗದವನ್ನು ಎಳೆಬಿಸಿಲಿಗೆ ಹಿಡಿಯುತ್ತಾರೆ. "ಮಸಿ ಹಾರಿದ ಅಕ್ಷರ ಬಲ್ಬಿಗೆ ಕಾಣಾಂಗಿಲ್ರಿ, ಈ ಬಿಸಲಿಗೇ ಕಾಣ್ತಾವ." ಹೆಂಡತಿ ವಜೀರಬೀ ಚಹಾ ಇಟ್ಟು ಹೋಗಿ ಅರ್ಧ ತಾಸಾಗಿದೆ. ಅದು ಮಾತ್ರ ಅವರಿಗೆ ಕಂಡಿಲ್ಲ.

ನಿಜಾಮರ ಕಾಲದ ಉರ್ದು ಜಮೀನು ಪತ್ರಗಳನ್ನು ಓದಿ ಕನ್ನಡಕ್ಕೆ ಇಳಿಸುವುದು ಇವರ ನಲವತ್ತಾರು ವರ್ಷದ ಕಸುಬು. ಒಂದು ಕಾಲಕ್ಕೆ ದಿನಕ್ಕೆ ನಾಲ್ಕು ಪತ್ರ, ಈಗ ವಾರಕ್ಕೆ ಎರಡು. ವಕೀಲರ ಹೆಸರು ಬೋರ್ಡಿನ ಮೇಲಿರುತ್ತದೆ, ಇವರದು ಎಲ್ಲೂ ಇಲ್ಲ. ಬೇಸರವಿಲ್ಲವೇ ಎಂದರೆ ನಗುತ್ತಾರೆ. "ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಂವ ನಾ. ಅಮರನಾಥ ವಕೀಲ್ರು ತಮ್ಮ ಬಾಜೂಕ ಕುರ್ಚಿ ಹಾಕಿ ಕೂಡಿಸಿದ್ರು. ನಾ ಓದಿದ್ರ ಜಡ್ಜ್ ಸಾಹೇಬ್ರು ಸುಮ್ನ ಕೇಳೋರು. ಕಾನೂನಿನ ಎಹಸಾನ, ಉಪಕಾರ ನನ ಮ್ಯಾಲ ಭಾಳ ಅದರಿ."

ಪತ್ರಿಕೆಗೆಂದು ನಾನು ಬರೆಯಲು ಹೋದದ್ದು ಇಷ್ಟನ್ನೇ. ಪೆನ್ನು ಮುಚ್ಚುವಾಗ ಅವರೇ ತಡೆಯುತ್ತಾರೆ.

ಮೂವತ್ತು ವರ್ಷದ ಹಿಂದೆ ಔರಾದ ತಾಲ್ಲೂಕಿನ ಚಿಂತಾಕಿಯಲ್ಲಿ ಒಂದು ಬಾವಿ ಹೊಲದ ತಕರಾರು. ಹೊಲ ನಮ್ಮಪ್ಪ ಕೊಂಡದ್ದು ಎಂದು ಅಲ್ಲಿನ ರೈತ ಪಂಢರಿಯವರ ತಂದೆಯ ವಾದ. ನಮ್ಮಜ್ಜ ಮಾರಿಯೇ ಇಲ್ಲ ಎಂದು ಹಾವಗೆಪ್ಪ. ಖರೀದಿ ಪತ್ರದಲ್ಲಿ 1349 ಎಂದಿತ್ತು. ಅದು ಯಾವ ಲೆಕ್ಕದ ವರ್ಷ ಎಂದು ಹೇಳುವ ಅಂಚು ಹರಿದುಹೋಗಿತ್ತು. ಆಗಿನ ಸರಕಾರಿ ಕಾಗದಗಳಲ್ಲೆಲ್ಲ ಕಂದಾಯದ ಲೆಕ್ಕದ ಫಸಲಿ ವರ್ಷ. ರೂಢಿಯಂತೆ ವಾಹೀದರು ಫಸಲಿ ಎಂದೇ ಓದಿದರು, ಅಂದರೆ 1939. ಹಾವಗೆಪ್ಪನ ಅಜ್ಜ 1935ರಲ್ಲೇ ತೀರಿದ್ದರು. ಸತ್ತವರು ಹೊಲ ಮಾರುತ್ತಾರೆಯೇ? ಪತ್ರ ಖೊಟ್ಟಿ ಎಂದಾಯಿತು.

ಹೋದ ತಿಂಗಳು, ಆ ಖರೀದಿ ಪತ್ರ ಬರೆದ ಬರಹಗಾರನದೇ ಅಂಚು ಹರಿಯದ ಇನ್ನೊಂದು ಪತ್ರ ಇವರ ಕೈಗೆ ಬಂತು. ಆ ಮನುಷ್ಯ ಬರೆಯುತ್ತಿದ್ದದ್ದು ಮುಸ್ಲಿಂ ಪಂಚಾಂಗದ ಹಿಜರಿ ವರ್ಷ. ಹಿಜರಿ 1349 ಎಂದರೆ 1930. ಆಗ ಅಜ್ಜ ಬದುಕಿದ್ದರು.

"ಹೇಳಬೇಕೋ ಬ್ಯಾಡೋ ತಿಳೀವಲ್ದರಿ. ಆ ಹೊಲ ಈಗ ಹಾವಗೆಪ್ಪನ ಮೊಮ್ಮಕ್ಕಳು ಉಳತಾರ. ಪಂಢರಿ ತಮ್ಮಪ್ಪಗ ಅಪೀಲಿಗೂ ಹೋಗಗೊಡ್ಲಿಲ್ಲ. ವಾಹೀದ ಸಾಹೇಬ್ರು ಓದ್ಯಾರಂದ್ರ ಮುಗೀತು ಅಂದ. ಇವತ್ತಿಗೂ ವರ್ಷಾ ತೊಗರಿ ತಂದು ಕೊಡ್ತಾನ."

ನನಗೂ ತಿಳಿಯುವುದಿಲ್ಲ. ತಪ್ಪು ಇವರದೋ, ಹರಿದ ಅಂಚಿನದೋ? ಅಡಕತ್ತರಿಯಲ್ಲಿ ಸಿಕ್ಕವರು ಈಗ ಇಬ್ಬರಾದೆವು.

ಕೊನೆಗೆ ಔರಾದ ಬಸ್ಸು ಹತ್ತುತ್ತೇವೆ. ಚಿಂತಾಕಿಯಲ್ಲಿ ಪಂಢರಿ ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದಾರೆ. ವಾಹೀದರು ಕೂರದೆ, ನಿಂತೇ ಎಲ್ಲವನ್ನೂ ಹೇಳುತ್ತಾರೆ. ಪಂಢರಿ ಹೊಲದ ಮಾತೇ ಎತ್ತುವುದಿಲ್ಲ. ಮೊರದೊಳಗಿನ ಒಂದು ಹರಳು ಹೆಕ್ಕಿ ಬಿಸಾಡುತ್ತಾರೆ.

"ಕೋರ್ಟಿನಿಂದ ಬಂದು ನಮ್ಮಪ್ಪಗ ಸುಳ್ಳಬುರಕ ಅಂದಿದ್ದೆರಿ. ಸಾಯೋ ತನಕ ಅಂವ ನನ್ನ ಕೂಡ ಮಾತಾಡ್ಲಿಲ್ಲ."

ಮೊರ ಕೆಳಗಿಟ್ಟು ಏಳುತ್ತಾರೆ. "ಒಳಗ ಅವನ ಫೋಟೋ ಅದ. ಬರ್ರಿ ಸಾಹೇಬ್ರ, ಅದರ ಮುಂದ ಆ ಇಸವಿ ಇನ್ನೊಮ್ಮಿ ಓದ್ರಿ."